ಜವಾರಿ ಕೋಳಿಯ ವಂಶವೈವಿಧ್ಯ: ರಕ್ತದ ಪ್ರೋಟೀನುಗಳ ಸಾಕ್ಷ್ಯ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಜವಾರಿ’ ಎಂಬುದು ಸ್ಥಳೀಯ ತಳಿಯನ್ನು ಸೂಚಿಸುವ ಪದ. ವಿಜಯಪುರ ಜಿಲ್ಲೆಯ ಹಲಸಂಗಿಯಂಥ ಊರುಗಳ ಹಿತ್ತಿಲಲ್ಲಿ ಮೇಯುವ ಜವಾರಿ ಕೋಳಿಗೆ ಒಂದೇ ರೂಪವೆಂಬುದಿಲ್ಲ. ಜನಪದರು ಅದನ್ನು ಗರಿಯ ಬಣ್ಣ, ಜುಟ್ಟುಗಳಿಂದ ಗುರುತಿಸುತ್ತಾರೆ. ಆದರೆ ಬಣ್ಣವನ್ನು ನಿರ್ಧರಿಸುವ ಜೀನುಗಳು ಕೆಲವೇ ಆದುದರಿಂದ, ಒಂದೇ ಬಣ್ಣದ ಎರಡು ಹೇಂಟೆಗಳು ಆನುವಂಶಿಕವಾಗಿ ಬಹಳ ಭಿನ್ನವಾಗಿರಲು ಸಾಧ್ಯ.

ಈ ಒಳಭಿನ್ನತೆಯನ್ನು ತೋರಿಸಿಕೊಟ್ಟ ಆರಂಭಿಕ ಸಾಧನಗಳಲ್ಲಿ ರಕ್ತದ ಪ್ರೋಟೀನುಗಳ ಪರೀಕ್ಷೆ ಮುಖ್ಯವಾದುದು. 1955ರಲ್ಲಿ ಆಲಿವರ್ ಸ್ಮಿಥೀಸ್ ಪ್ರಕಟಿಸಿದ ಪಿಷ್ಟದ ಜೆಲ್ ವಿಧಾನ ಇದಕ್ಕೆ ದಾರಿ ಮಾಡಿತು. ಕೋಳಿಯ ರೆಕ್ಕೆಯ ರಕ್ತನಾಳದಿಂದ ತೆಗೆದ ರಕ್ತವನ್ನು ಜೆಲ್‌ನಲ್ಲಿಟ್ಟು ವಿದ್ಯುತ್ ಹಾಯಿಸಿದರೆ, ಟ್ರಾನ್ಸ್‌ಫೆರಿನ್, ಅಲ್ಬುಮಿನ್ ಮೊದಲಾದ ಪ್ರೋಟೀನುಗಳು ತಮ್ಮ ವಿದ್ಯುದಂಶ ಹಾಗೂ ಗಾತ್ರಕ್ಕನುಗುಣವಾಗಿ ಬೇರೆ ಬೇರೆ ದೂರ ಸರಿಯುತ್ತವೆ. ಬಣ್ಣ ಹಾಕಿದಾಗ ಅವು ಪಟ್ಟಿಗಳಾಗಿ ಕಾಣುತ್ತವೆ. ತಂದೆತಾಯಿಗಳಿಂದ ಭಿನ್ನ ರೂಪಗಳು ಬಂದಿದ್ದರೆ ಎರಡೂ ರೂಪಗಳ ಪಟ್ಟಿಗಳು ಒಟ್ಟಿಗೆ ಗೋಚರಿಸುತ್ತವೆ.

ಒಂದು ಪ್ರೋಟೀನಿನ ಎರಡು ರೂಪಗಳು ಹಿಂಡಿನಲ್ಲಿ ಸಮಪ್ರಮಾಣದಲ್ಲಿದ್ದರೆ ಮಿಶ್ರರೂಪದ ಕೋಳಿಗಳು ನೂರಕ್ಕೆ 50ರಷ್ಟು ಇರಬೇಕು. ಒಂದು ರೂಪವು ನೂರಕ್ಕೆ 90ಕ್ಕೇರಿದರೆ ಅವು 18ಕ್ಕಿಳಿಯುತ್ತವೆ. ಹಿಂಡು ಏಕರೂಪತೆಯತ್ತ ಸಾಗಿದೆಯೇ ಎಂಬುದು ಹೀಗೆ ಅಂಕಿಗಳಲ್ಲಿ ತಿಳಿಯುತ್ತದೆ. ಆದರೆ ಜೀನಿನ ಎಲ್ಲ ವ್ಯತ್ಯಾಸಗಳೂ ಪ್ರೋಟೀನಿನ ಚಲನೆಯನ್ನು ಬದಲಿಸುವುದಿಲ್ಲ. ಕೋಳಿಯ ಜೀನೋಮ್ 2004ರಲ್ಲಿ ಪ್ರಕಟವಾದ ಮೇಲೆ ಡಿಎನ್ಎ ಅಧ್ಯಯನವೇ ಪ್ರಧಾನವಾಗಿದೆ.

ಈ ವೈವಿಧ್ಯಕ್ಕೆ ಬದುಕಿನ ಬೆಲೆಯಿದೆ. ಕೊರಳಲ್ಲಿ ಗರಿಯಿಲ್ಲದ ಕೋಳಿಯ ಲಕ್ಷಣ ಒಂದೇ ಜೀನಿನದು. ಅದು ಮೈಗರಿಯನ್ನೂ ಕಡಿಮೆ ಮಾಡಿ ಬಿಸಿಲನ್ನು ತಾಳಲು ನೆರವಾಗುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ ತಳಿಯು ಜವಾರಿಗಿಂತ ಹೆಚ್ಚು ಮೊಟ್ಟೆಯಿಡುತ್ತದೆಯಾದರೂ ಕಾವಿಗೆ ಕೂರುವುದಿಲ್ಲ. ಹಳ್ಳಿಯಲ್ಲಿ ಅದರ ಮೊಟ್ಟೆಗೂ ಜವಾರಿ ಹೇಂಟೆಯ ಕಾವೇ ಬೇಕು. ಬಡ ಹೆಣ್ಣುಮಕ್ಕಳ ಕೈಕಾಸಾದ ಈ ಕೋಳಿ ಅಳಿದರೆ, ಮರಿ ಮಾಡುವ ಸ್ವಾತಂತ್ರ್ಯವೂ ಅವರ ಕೈತಪ್ಪುತ್ತದೆ.

ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಹಾಡನ್ನು ಉಳಿಸಿಕೊಂಡ ಅಂಗಳದಲ್ಲಿಯೇ ಕೋಳಿಯ ತಿಳಿವಳಿಕೆಯೂ ಉಳಿದಿದೆ. ಯಾವ ಹೇಂಟೆ ಚೆನ್ನಾಗಿ ಕಾವು ಕೊಡುತ್ತದೆ, ಅದರ ತಾಯಿ ಯಾರ ಮನೆಯಿಂದ ಬಂತು ಎಂಬುದನ್ನು ಜೆಲ್ ಹೇಳಲಾರದು, ಸಾಕಿದವಳು ಹೇಳಬಲ್ಲಳು. ಆದುದರಿಂದ ರಕ್ತದ ಮಾದರಿಯೊಂದಿಗೆ ಅವಳ ಮಾತನ್ನೂ ದಾಖಲಿಸಿದಾಗ ಮಾತ್ರ ಜವಾರಿ ತಳಿಯ ಅಧ್ಯಯನ ಪೂರ್ಣವಾಗುತ್ತದೆ.