ನಿಮಗಿದು ಗೊತ್ತೆ? ಕಣ್ಣು ಮುಚ್ಚಿದರೆ ಒಂದು ಅಂಕ!

‘ನನ್ನ ಮುಖ ನೋಡಿ, ನಾನು ಮಾಡಿದ ಹಾಗೇ ಮಾಡಿ’ ಎಂದು ಪರೀಕ್ಷಕರು ಕಣ್ಣು ಮುಚ್ಚುತ್ತಾರೆ. ಎದುರು ಕೂತ ಅಜ್ಜನೂ ಮುಚ್ಚಿದರೆ ಒಂದು ಅಂಕ! ಹರಿಯಾಣದ ಬಲ್ಲಭಗಢದ ಹಳ್ಳಿಗಳ ವೃದ್ಧರಿಗಾಗಿ ರೂಪಿಸಿ, 1995ರಲ್ಲಿ ಪ್ರಕಟಿಸಿದ ಹಿಂದಿ ಮರೆವಿನ ಪರೀಕ್ಷೆಯ ಪ್ರಶ್ನೆಯಿದು. 1975ರ ಅಮೆರಿಕದ ಮೂಲ ಪರೀಕ್ಷೆಯಲ್ಲಿ ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿ ಹಾಗೆ ಮಾಡಬೇಕಿತ್ತು. ಅಕ್ಷರ ಬಾರದವರಿಗೆ ಬುದ್ಧಿ ಚುರುಕಿದ್ದರೂ ಅಂಕ ಖೋತಾ. ಮೂಲದಲ್ಲಿದ್ದ, ನೂರರಿಂದ ಏಳೇಳು ಕಳೆಯುತ್ತ ಹೋಗುವ ಲೆಕ್ಕಕ್ಕೂ ಹಿಂದಿ ಪರೀಕ್ಷೆಯಲ್ಲಿ ರಜೆ. (ಶಾಲೆ ಕಲಿತವರೇ ಅದರಲ್ಲಿ ತಡವರಿಸುತ್ತಾರೆ ಬಿಡಿ.) ಅದರ ಬದಲು ವಾರದ ದಿನಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಬೇಕು. ಒಂದು ವಾಕ್ಯ ಬರೆಯಿರಿ ಎನ್ನುತ್ತಿದ್ದ ಕಡೆ, ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದು ಕೇಳುತ್ತಾರೆ.