ಕಟಿಂಗ್ ಅಂಗಡಿ ಕತ್ತಿ ಮನೆಗೆ ತರಿಸ್ತೀರಾ? ಮೊದಲ ವಾರ ಕೆನ್ನೆ ಮಾತ್ರ ಸಾಕು

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಿಂದ ಬಂದ ಒಂದು ವಾಯ್ಸ್ ನೋಟ್‌ನಿಂದ ಇವತ್ತಿನ ಸಂಚಿಕೆ ಶುರು ಮಾಡೋಣ. ಪ್ರಶ್ನೆ ಇಷ್ಟೇ: "ಕಟಿಂಗ್ ಅಂಗಡ್ಯಾಗ ಇರ್ತಾವಲ್ರಿ, ಆ ಮಡಚೋ ಕತ್ತಿ ಆನ್‌ಲೈನ್‌ನಾಗ ಸಿಗಾಕತ್ತಾವ. ತರಿಸ್ಕೊಂಡು ನಾನ ದಾಡಿ ಮಾಡ್ಕೋಬೇಕಂತೀನಿ. ಆಕ್ಕೈತೇನ್ರಿ, ಇಲ್ಲಾ ಕೊಯ್ಕೋತೀನಿ?"

ಆಗುತ್ತೆ. ಒಂದೆರಡು ಸಲ ಕೊಯ್ಯೋದೂ ಆಗುತ್ತೆ, ಸುಳ್ಳು ಯಾಕೆ ಹೇಳೋದು. ಆದರೆ ಎಷ್ಟು ಕೊಯ್ಯುತ್ತೆ ಅನ್ನೋದು ನಿಮ್ಮ ಅವಸರದ ಮೇಲಿದೆ. ಒಂದು ವಿನಂತಿ: ಈ ಸಂಚಿಕೆಯನ್ನು ಪೂರ್ತಿ ಕೇಳಿ, ಇಯರ್‌ಫೋನ್ ತೆಗೆದಿಟ್ಟು, ಆಮೇಲೆ ಕತ್ತಿ ಹಿಡೀರಿ. ಕತ್ತಿ ಸರಿಯಾಗಿ ಹೋಗ್ತಿದೆಯಾ ಇಲ್ವಾ ಅನ್ನೋದನ್ನ ಕಣ್ಣಿಗಿಂತ ಮೊದಲು ಕಿವಿ ಹೇಳುತ್ತೆ.

ಮೊದಲು ಏನು ಕೊಳ್ತಿದ್ದೀರಿ ಅಂತ ಗೊತ್ತಿರಲಿ. ನೋಡೋಕೆ ಒಂದೇ ಥರ ಕಾಣೋ ಎರಡು ಕತ್ತಿಗಳಿವೆ. ಒಂದು ಹಳೇದು: ಅಲಗು ಪೂರ್ತಿ ಉಕ್ಕಿನದು, ಬದಲಾಯಿಸೋ ಹಾಗಿಲ್ಲ, ಹರಿತ ಹೋದರೆ ಸಾಣೆ ಹಿಡೀಬೇಕು. ಇನ್ನೊಂದು ಈಗ ನಮ್ಮ ಸಲೂನ್‌ಗಳಲ್ಲಿ ನೋಡೋದು: ಅದು ಬರೀ ಹಿಡಿಕೆ. ಮಾಮೂಲಿ ಬ್ಲೇಡನ್ನ ಕಾಗದದ ಸಮೇತ ಉದ್ದಕ್ಕೆ ಅರ್ಧ ಮುರಿದು ಒಳಗೆ ಸಿಕ್ಕಿಸ್ತಾರೆ, ಗಿರಾಕಿ ಎದ್ದ ಮೇಲೆ ಎಸೀತಾರೆ.

ನಮ್ಮ ಅಜ್ಜಂದಿರು ನೋಡಿದ್ದು ಮೊದಲನೇದನ್ನ. ಕ್ಷೌರಿಕರು ಚೀಲ ಹಿಡಿದು ಕಟ್ಟೆಗೋ ಮನೆ ಅಂಗಳಕ್ಕೋ ಬರೋರು. ಒಂದು ಕತ್ತಿ, ಒಂದು ಕಲ್ಲು, ಚರ್ಮದ ಪಟ್ಟಿ, ನೀರಿನ ಬಟ್ಟಲು. ದುಡ್ಡಿನ ಲೆಕ್ಕ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ರೈತರು ಕಣದಲ್ಲಿ ಜೋಳ ಅಳೆದು ಕೊಡೋರು. ಅದಕ್ಕೆ ಆಯ ಅಂತ ಹೆಸರು. ಬಡಿಗ, ಕಮ್ಮಾರ, ಅಗಸ ಎಲ್ಲರಿಗೂ ಹೀಗೇ. ಆ ಸಲಕರಣೆ ಚೀಲಕ್ಕೆ 'ಹಡಪ' ಅಂತಾರೆ, ಎಲೆ ಅಡಕೆ ಚೀಲಕ್ಕೂ ಅದೇ ಮಾತು. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರು, ಹೆಂಡತಿ ಲಿಂಗಮ್ಮನೂ ವಚನ ಬರೆದವರು. ಉತ್ತರ ಕರ್ನಾಟಕದ ಕ್ಷೌರಿಕ ಸಮುದಾಯ ಇವತ್ತಿಗೂ ಹಡಪದ ಅಂತಲೇ ಗುರುತಿಸಿಕೊಳ್ಳುತ್ತೆ. ಇಂಥ ಪರಂಪರೆ ಇರೋ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ನಮ್ಮ ಮಧ್ಯೆ ಇದ್ದಾರೆ, ಅದು ಬೇರೆ ಮಾತು.

ಹಳೇ ಕತ್ತಿ ಸಲೂನ್‌ನಿಂದ ಹೊರಗೆ ಹೋಗೋಕೆ ಮುಖ್ಯ ಕಾರಣ ರಕ್ತ. ಒಂದೇ ಅಲಗು ಹತ್ತು ಜನರ ಮುಖದ ಮೇಲೆ ಓಡಾಡಿದರೆ, ಕಣ್ಣಿಗೆ ಕಾಣದ ಗಾಯದಿಂದಲೂ ಸೋಂಕು ದಾಟಬಹುದು. ಎಚ್‌ಐವಿ ಬಗ್ಗೆ ಭಯ, ಅರಿವು ಎರಡೂ ಹಬ್ಬಿದ ಮೇಲೆ 'ಹೊಸ ಬ್ಲೇಡ್ ಹಾಕ್ರಿ' ಅನ್ನೋದು ಗಿರಾಕಿಗಳಿಗೆ ರೂಢಿಯಾಯ್ತು. ನಿಜಕ್ಕೂ ಇಲ್ಲಿ ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್ ಬಿ ವೈರಸ್‌ಗೆ. ದೇಹದ ಹೊರಗೆ, ಒಣಗಿದ ರಕ್ತದಲ್ಲೂ, ಕನಿಷ್ಠ 7 ದಿನ ಬದುಕಿರುತ್ತೆ. ಇದಕ್ಕೆ ಲಸಿಕೆ ಇದೆ, ಈಗಿನ ಕೂಸುಗಳಿಗೆ ಸರ್ಕಾರವೇ ಹಾಕಿಸುತ್ತೆ. ನಿಮಗೆ ಆಗಿದೆಯಾ ಅಂತ ಮನೆಯಲ್ಲಿ ಕೇಳಿ, ಆಗಿಲ್ಲ ಅಂದ್ರೆ ಡಾಕ್ಟರ್ ಹತ್ರ ವಿಚಾರಿಸಿ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಒಂದು ರೇಜರ್ ಹಂಚಿಕೊಳ್ತಾರಲ್ಲ, ಅವರಿಗೂ ಇದೇ ಮಾತು. ಸ್ನೇಹ ಬೇರೆ, ಬ್ಲೇಡ್ ಬೇರೆ.

ಹಾಗಾದ್ರೆ ಯಾವುದನ್ನ ತರಿಸೋದು? ನನ್ನ ಪ್ರಕಾರ ಅರ್ಧ ಬ್ಲೇಡಿನದು. ಅದು ಸುಲಭ ಅಂತಲ್ಲ. ನಿಜ ಹೇಳಬೇಕಂದ್ರೆ ಅದೇ ಹೆಚ್ಚು ಕಟುವು. ಹಗುರ ಇರೋದರಿಂದ ಕೈ ತಾನಾಗಿ ಒತ್ತೋಕೆ ಹೋಗುತ್ತೆ, ಹೊಸ ಬ್ಲೇಡ್ ಕ್ಷಮಿಸಲ್ಲ. ಹಳೇ ಕತ್ತಿಗೆ ತೂಕ ಇದೆ, ಅದರ ಓಟ ಮೃದು. ಆದರೆ ಅದನ್ನ ಹರಿತವಾಗಿ ಇಟ್ಟುಕೊಳ್ಳೋದೇ ಇನ್ನೊಂದು ವಿದ್ಯೆ. ಪ್ರತಿ ಸಲ ದಾಡಿಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ ಮೂವತ್ತು ನಲವತ್ತು ಸಲ ಎಳೀಬೇಕು. ಅದೂ ಬೆನ್ನು ಮುಂದೆ, ಬಾಯಿ ಹಿಂದೆ. ತುದಿಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಬೇಕು. ಬಾಯಿ ಕಡೆಯಿಂದ ಹೊರಳಿಸಿದರೆ ಪಟ್ಟಿ ಕೊಯ್ದು ಹೋಗುತ್ತೆ, ಹರಿತವೂ ಕೆಡುತ್ತೆ. ಕೆಲವು ತಿಂಗಳಿಗೊಮ್ಮೆ ನುಣುಪು ಕಲ್ಲಿನ ಮೇಲೆ ಸಾಣೆ. ಮೇಲಾಗಿ ಕಡಿಮೆ ಬೆಲೆಗೆ ಸಿಗೋ ಎಷ್ಟೋ ಕತ್ತಿಗಳು ಫೋಟೊದಲ್ಲಿ ಮಿಂಚುತ್ತವೆ, ಗಡ್ಡ ತೆಗೆಯೋ ಮಟ್ಟಕ್ಕೆ ಹರಿತ ಮಾಡಿರೋದೇ ಇಲ್ಲ. ಹೊಸಬ ಅದನ್ನ ಕೆನ್ನೆಗೆ ಇಟ್ಟು, ಕೂದಲು ಹರೀದೇ ಕಿತ್ತು ಬಂದಾಗ, ತಪ್ಪು ತನ್ನ ಕೈದು ಅಂದ್ಕೊಳ್ತಾನೆ. 1904ರಲ್ಲಿ ಅಮೆರಿಕದ ಕಿಂಗ್ ಜಿಲೆಟ್ ಬಿಸಾಡೋ ಬ್ಲೇಡಿನ ರೇಜರಿಗೆ ಪೇಟೆಂಟ್ ಪಡೆದು ಲೋಕ ಗೆದ್ದಿದ್ದು ಈ ಸಾಣೆ ಕಾಟ ತಪ್ಪಿಸಿಯೇ.

ಈಗ ಕೈ ಕೆಲಸಕ್ಕೆ ಬರೋಣ. ಕತ್ತಿ ಮುಟ್ಟೋ ಮುಂಚೆ ಒಂದು ದಿನ ಗಡ್ಡ ಬಿಟ್ಟು, ಬೆರಳಿನಿಂದ ಮುಖ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ ಹೋಗುತ್ತೆ, ಅದರ ವಿರುದ್ಧ ತರತರ ಅನ್ನುತ್ತೆ. ನುಣ್ಣಗೆ ಹೋಗೋ ದಿಕ್ಕೇ ಕೂದಲು ಬೆಳೆಯೋ ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿಂದ ಕೆಳಗೆ. ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಕೆಳಗಿಂದ ಮೇಲೆ, ಕೆಲವರಿಗೆ ಸುಳಿ ಸುಳಿ. ಹೊಸಬರು ಕೂದಲಿನ ದಿಕ್ಕಿಗೇ ಕತ್ತಿ ಎಳೀಬೇಕು. ಉಲ್ಟಾ ಎಳೆದರೆ ಇನ್ನೂ ನುಣುಪಾಗುತ್ತೆ ಅನ್ನೋದು ನಿಜ, ಆದರೆ ಅದು ಈಗಲ್ಲ.

ಸ್ನಾನ ಆದ ಕೂಡಲೇ ಮಾಡೋದು ಒಳ್ಳೇದು. ನೀರು ಕುಡಿದ ಕೂದಲು ಮೆತ್ತಗಾಗುತ್ತೆ, ಕಡಿಮೆ ಬಲಕ್ಕೆ ಹರಿಯುತ್ತೆ. ಸೋಪನ್ನ ಬ್ರಷ್‌ನಿಂದ ತಿರುವಿ ದಪ್ಪ ನೊರೆ ಹಚ್ಚಿ, ಎರಡು ಮೂರು ನಿಮಿಷ ಬಿಡಿ. ನಮ್ಮ ಕಡೆ ಬೋರ್ ನೀರು ಗಡಸು, ನೊರೆ ಬೇಗ ಒಡೆಯುತ್ತೆ. ಹಾಗಿದ್ರೆ ಕಾಯಿಸಿ ಆರಿಸಿದ ನೀರು ಬಳಸಿ ನೋಡಿ.

ಹಿಡಿಯೋದು ಹೇಗೆ ಅಂದ್ರೆ, ಅಲಗಿನ ಬುಡದ ಮೇಲೆ ಮೂರು ಬೆರಳು, ಹಿಂದಿನ ಬಾಲದ ಮೇಲೆ ಕಿರುಬೆರಳು, ಕೆಳಗೆ ಹೆಬ್ಬೆರಳು. ಲೇಖನಿ ಹಿಡಿದಷ್ಟೇ ಹಗುರ. ಇನ್ನೊಂದು ಕೈ ಸುಮ್ಮನಿರೋ ಹಾಗಿಲ್ಲ, ಅರ್ಧ ಕೆಲಸ ಅದರದ್ದೇ: ಕಿವಿ ಹತ್ರ ಚರ್ಮವನ್ನ ಮೇಲಕ್ಕೆ ಬಿಗಿಯಾಗಿ ಎಳೆದು ಹಿಡೀಬೇಕು. ಸಡಿಲ ಚರ್ಮ ಅಲೆಯ ಹಾಗೆ ಮೇಲೇಳುತ್ತೆ, ಬ್ಲೇಡ್ ಆ ಅಲೆಯನ್ನೇ ಕೊಯ್ಯುತ್ತೆ. ಬೆರಳು ಜಾರಿದ್ರೆ ಒರೆಸಿಕೊಳ್ಳಿ.

ಕೋನ ಸುಮಾರು 30 ಡಿಗ್ರಿ. ಗೋಡೆ ನೆಲ ಸೇರೋ ಮೂಲೆಯನ್ನ ಮೂರು ಪಾಲು ಮಾಡಿದ್ರೆ ಒಂದು ಪಾಲು. ಅದಕ್ಕಿಂತ ಮಲಗಿಸಿದ್ರೆ ಕೂದಲು ಎಳೆಯುತ್ತೆ, ನಿಲ್ಲಿಸಿದ್ರೆ ಚರ್ಮ ಕೆರೆಯುತ್ತೆ. ಸರಿಯಾಗಿದ್ದಾಗ ಒಣ ಎಲೆ ಮೇಲೆ ನಡೆದ ಹಾಗೆ ಸಣ್ಣ ಚರಚರ ಸದ್ದು ಬರುತ್ತೆ. ಇಯರ್‌ಫೋನ್ ತೆಗೀರಿ ಅಂದಿದ್ದು ಇದಕ್ಕೇ. ಒಂದು ಎಳೆತ ಒಂದು ಇಂಚು, ಹೆಚ್ಚಂದ್ರೆ ಎರಡು. ಒತ್ತಲೇಬೇಡಿ. ಹರೀತಿಲ್ಲ ಅಂದ್ರೆ ಕೋನ ತಪ್ಪಿದೆ, ನೊರೆ ಒಣಗಿದೆ ಅಥವಾ ಬ್ಲೇಡ್ ಹಳೇದು. ಬಲ ಹಾಕೋದು ಇದಕ್ಕೆ ಯಾವುದಕ್ಕೂ ಮದ್ದಲ್ಲ. ಮತ್ತೆ, ಕತ್ತಿ ಯಾವತ್ತೂ ಅಡ್ಡಕ್ಕೆ ಜಾರಬಾರದು. ಅಡ್ಡ ಜಾರಿದ ಬ್ಲೇಡ್ ಕೂದಲು ಬಿಟ್ಟು ನೇರ ಚರ್ಮಕ್ಕೇ ಇಳಿಯುತ್ತೆ. ಕೈಯಿಂದ ಬಿದ್ದರೆ ಬೀಳಲಿ ಬಿಡಿ, ಹಿಡಿಯೋಕೆ ಹೋಗಬೇಡಿ. ಕಾಲು ಹಿಂದಕ್ಕೆ ಎಳ್ಕೊಳ್ಳಿ, ಅಷ್ಟೇ.

ಮೊದಲ ವಾರ ಬರೀ ಕೆನ್ನೆ. ಉಳಿದದ್ದನ್ನ ನಿಮ್ಮ ಹಳೇ ರೇಜರಿನಿಂದ ಮುಗಿಸಿ. ಬಲಗೈಯವರಿಗೆ ಬಲ ಕೆನ್ನೆ ಬೇಗ ಒಲಿಯುತ್ತೆ. ಎಡ ಕೆನ್ನೆಗೆ ಕೈ ಮುಖದ ಅಡ್ಡ ಬಂದು ಕನ್ನಡಿ ಮರೆಯಾಗುತ್ತೆ, ನಿಧಾನ. ಕೈ ಕುದುರಿದ ಮೇಲೆ ಕುತ್ತಿಗೆ. ಗದ್ದದ ತಿರುವು, ಮೇಲ್ತುಟಿ ಕಟ್ಟಕಡೆಗೆ. ಮದುವೆ, ಇಂಟರ್‌ವ್ಯೂ ಹಿಂದಿನ ದಿನ ಪ್ರಯೋಗ ಬೇಡ. ಮೊಡವೆ ಹೆಚ್ಚಿದ್ದರೆ, ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ ಈ ಕತ್ತಿಯ ಸಹವಾಸವೇ ಬೇಡ. ಸಣ್ಣಗೆ ಕೊಯ್ದರೆ ತಣ್ಣೀರು, ಆಮೇಲೆ ಪಟಕ ಒದ್ದೆ ಮಾಡಿ ಒತ್ತಿ ಹಿಡೀರಿ. ಉರಿಯುತ್ತೆ, ರಕ್ತ ನಿಲ್ಲುತ್ತೆ. ಆ ಪಟಕವೂ ನಿಮ್ಮದೊಬ್ಬರದ್ದೇ ಆಗಿರಲಿ.

ಇಷ್ಟೆಲ್ಲ ಹೇಳುವಾಗ ಇದೊಂದು ಶೋಕಿ, ಹವ್ಯಾಸ ಅನ್ನೋ ಹಾಗೆ ಮಾತಾಡಿದೆ. ಎಲ್ಲರಿಗೂ ಹಾಗಲ್ಲ. ನಮ್ಮ ರಾಜ್ಯದಲ್ಲೇ ದಲಿತರಿಗೆ ಊರ ಕ್ಷೌರದಂಗಡಿಯಲ್ಲಿ ಕುರ್ಚಿ ಸಿಗದ ಹಳ್ಳಿಗಳ ಸುದ್ದಿ ಇವತ್ತಿಗೂ ಬರ್ತಿದೆ. ಅಂಥ ಕಡೆ ಹುಡುಗರು ಬಸ್ ಹತ್ತಿ ತಾಲ್ಲೂಕಿಗೆ ಹೋಗಿ ಗಡ್ಡ ತೆಗೆಸ್ತಾರೆ, ಇಲ್ಲಾ ಮನೆಯಲ್ಲೇ ಒಬ್ಬರಿಗೊಬ್ಬರು ಮಾಡ್ಕೊಳ್ತಾರೆ. 2020ರ ಕೊನೆಗೆ, ಗ್ರಾಮ ಪಂಚಾಯ್ತಿಗಳಲ್ಲಿ ಸರ್ಕಾರವೇ ಕ್ಷೌರದಂಗಡಿ ತೆರೆಯಬೇಕು ಅನ್ನೋ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಿತ್ತು ಅಂದ್ರೆ ಸಮಸ್ಯೆ ಎಷ್ಟು ಆಳದ್ದು ಲೆಕ್ಕ ಹಾಕಿ. ಕತ್ತಿ ಹಿಡಿದವರದ್ದೂ ಇಕ್ಕಟ್ಟು: 'ಅವರಿಗೆ ಮಾಡಿದ್ರೆ ನಿನ್ನ ಅಂಗಡಿಗೆ ನಾವು ಬರಲ್ಲ' ಅನ್ನೋ ಬಲಾಢ್ಯರ ಬೆದರಿಕೆ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ. ಆದರೂ ಜಾತಿ ಕಾರಣಕ್ಕೆ ಸೇವೆ ನಿರಾಕರಿಸೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರವೇ ಅಪರಾಧ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ದೂರು ಕೊಡೋಕೆ ರಾಷ್ಟ್ರೀಯ ಸಹಾಯವಾಣಿ 14566. ಕತ್ತಿ ಕಲಿಯೋದು ಆಸೆಯಿಂದ ಇರಲಿ, ಊರು ಬಾಗಿಲು ಹಾಕಿತು ಅಂತ ಯಾರೂ ಕಲಿಯೋ ಹಾಗೆ ಆಗಬಾರದು.

ಕಲಿಯೋಕೆ ಅತ್ಯಂತ ಒಳ್ಳೆ ಜಾಗವೂ ಆ ಕುರ್ಚಿಯೇ. ಯೂಟ್ಯೂಬ್ ನೋಡೋದಕ್ಕಿಂತ ಒಂದು ಸಲ ನಿಮ್ಮ ಕ್ಷೌರಿಕರ ಎಡಗೈ ನೋಡಿ. ಚರ್ಮ ಎಲ್ಲಿ ಎಳೀತಾರೆ, ಗದ್ದಕ್ಕೆ ಬಂದಾಗ ತಲೆ ಎತ್ತ ತಿರುಗಿಸ್ತಾರೆ. ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ ಹೋಗಿ, 'ನನ್ನ ಕುತ್ತಿಗೆ ಕೂದಲು ಯಾವ ಕಡೆಗೆ ಅಣ್ಣಾ?' ಅಂತ ಕೇಳಿ, ದುಡ್ಡು ಕೊಟ್ಟು ಬನ್ನಿ. ಮಂಗಳವಾರ ಹೋಗಬೇಡಿ, ಹೆಚ್ಚಿನ ಕಡೆ ರಜೆ.

ಕೊನೇದಾಗಿ ಬಳಸಿದ ಬ್ಲೇಡ್. ಕವರಿನಲ್ಲಿ ಹಾಕಿ ತಿಪ್ಪೆಗೆ ಎಸೆದರೆ ಅದು ಪೌರಕಾರ್ಮಿಕರ ಕೈಗೆ, ಇಲ್ಲಾ ದನದ ಬಾಯಿಗೆ. ಒಂದು ಹಳೇ ಡಬ್ಬಿ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೆ ಹಾಕ್ತಾ ಹೋಗಿ, ತುಂಬಿದ ಮೇಲೆ ಟೇಪ್ ಸುತ್ತಿ, ಮೇಲೆ 'ಬ್ಲೇಡ್' ಅಂತ ಬರೆದು ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಿ.