ಸದ್ದಿಲ್ಲದ ಸತ್ಯ ಹರಿಶ್ಚಂದ್ರ

ಗಣಪತಿ ಹಬ್ಬದ ಹತ್ತು ದಿನ ಪುಣೆಯಲ್ಲಿ ಮನೆಯೊಳಗೆ ಆಡಿದ ಮಾತು ಮನೆಯವರಿಗೇ ಕೇಳುವುದಿಲ್ಲ. ಕೋಥ್ರೂಡ್‌ನಲ್ಲಿರುವ ನಮ್ಮ ಸೊಸೈಟಿಯ ಗೇಟಿನ ಎದುರಿಗೇ ಮಂಡಲದ ಪೆಂಡಾಲು. ಹೋದ ವರ್ಷ ಹಬ್ಬದ ನಡುವಿನ ಒಂದು ಭಾನುವಾರ ಬೆಳಿಗ್ಗೆ ಢೋಲ್–ತಾಶಾ ತಂಡವೊಂದು ನಮ್ಮ ಬೀದಿಯಲ್ಲಿ ಅರ್ಧ ಗಂಟೆ ಬಾರಿಸಿ ಮುಂದಕ್ಕೆ ಹೋಯಿತು. ಅದು ಹೋದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಒಂಥರಾ ಮೌನ. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಹಾಲ್‌ನಿಂದ ಅಣ್ಣ ನಗುವುದು ಕೇಳಿಸಿತು. ಅಣ್ಣ ಅಂದರೆ ನಮ್ಮಪ್ಪ. ತಿಪಟೂರು ಕಡೆಯ ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯುವುದು ಹಾಗೆಯೇ.

ಬಗ್ಗಿ ನೋಡಿದೆ. ಟಿವಿಯಲ್ಲಿ ‘ಸತ್ಯ ಹರಿಶ್ಚಂದ್ರ’. ನಕ್ಷತ್ರಿಕನ ವೇಷದ ನರಸಿಂಹರಾಜು ಸಾಲ ವಸೂಲಿಗೆ ರಾಜಕುಮಾರ್ ಬೆನ್ನು ಬಿದ್ದು ಕಾಡುವ ಭಾಗ. ಅಣ್ಣ ನಗಬೇಕಾದ ಜಾಗದಲ್ಲಿ ಸರಿಯಾಗಿ ನಗುತ್ತಿದ್ದರು, ಮಧ್ಯೆ ಮಧ್ಯೆ ತುಟಿಯಲ್ಲೇ ಮಾತು ಒಪ್ಪಿಸುತ್ತಿದ್ದರು. ಟಿವಿಯಿಂದ ಮಾತ್ರ ಒಂದು ಚೂರೂ ಸದ್ದಿಲ್ಲ. ಪರದೆಯ ಮೂಲೆಯಲ್ಲಿ ಮ್ಯೂಟ್ ಗುರುತು.

‘ಅಣ್ಣಾ, ಸೌಂಡೇ ಇಲ್ವಲ್ಲ’ ಅಂದೆ. ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿದೆ. ಬೆಚ್ಚಿಬಿದ್ದು ರಿಮೋಟ್‌ಗೆ ತಡಕಾಡಿದರು. ‘ನಿಂದೇನೋ ಕಾಲ್ ಇರ್ಬೇಕು ಅಂತ ಆಫ್ ಮಾಡಿದ್ದೆ ಕಣಮ್ಮ’ ಅಂದರು. ಭಾನುವಾರ ನನಗೆ ಯಾವ ಕಾಲೂ ಇರುವುದಿಲ್ಲ ಅನ್ನುವುದು ಅವರಿಗೂ ಗೊತ್ತು.

ಅಮ್ಮ ತೀರಿಕೊಂಡ ಮೇಲೆ ಅಣ್ಣ ನಮ್ಮ ಜೊತೆ ಪುಣೆಗೆ ಬಂದು ಆಗ ಎರಡು ವರ್ಷ ದಾಟಿತ್ತು. ಬಂದ ಹೊಸತರಲ್ಲಿ ಟಿವಿ ಸದ್ದು ಜೋರಾಗಿರುತ್ತಿತ್ತು. ನನಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಮಗನಿಗೆ ಆನ್‌ಲೈನ್ ಟ್ಯೂಷನ್. ‘ಸ್ವಲ್ಪ ಕಮ್ಮಿ ಮಾಡಣ್ಣ’ ಅಂತ ನಾನು ದಿನಕ್ಕೆ ನಾಲ್ಕು ಸಲವಾದರೂ ಹೇಳಿರಬೇಕು. ಆಮೇಲೆ ಸದ್ದು ಕಡಿಮೆಯಾಯಿತು. ಅಪ್ಪ ಮಗಳ ಮನೆಗೆ ಹೊಂದಿಕೊಂಡರು ಅಂದುಕೊಂಡು ಸಮಾಧಾನಪಟ್ಟಿದ್ದೆ.

ಕಿವಿ ಕೇಳಿಸುತ್ತಿಲ್ಲ ಎನ್ನುವುದು ಇಷ್ಟು ದಿನ ಹೇಗೆ ತಿಳಿಯಲಿಲ್ಲ ಅಂತ ನೀವು ಕೇಳಬಹುದು. ಹೊರನಾಡಿನಲ್ಲಿರುವ ನಮಗೆಲ್ಲ ಒಂದು ಸುಲಭದ ನೆಪ ಇರುತ್ತದೆ: ಭಾಷೆ. ಲಿಫ್ಟ್‌ನಲ್ಲಿ ಪಕ್ಕದ ಮನೆಯ ಆಜಿ ಏನಾದರೂ ಕೇಳಿದರೆ ಅಣ್ಣ ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದರು. ಪಾಪ, ಮರಾಠಿ ಬರುವುದಿಲ್ಲ ಅಂತ ನಾನೇ ಮುಂದೆ ಬಂದು ಉತ್ತರ ಹೇಳುತ್ತಿದ್ದೆ. ತರಕಾರಿಯವನು ಕೂಗಿದರೂ ತಿರುಗದಿದ್ದರೆ ಅದಕ್ಕೂ ಮರಾಠಿಯೇ ಕಾರಣ. ನನ್ನ ಗಂಡ ಬೆಳಗಾವಿಯವರು. ಅವರು ಏನೋ ಕೇಳಿ ಅಣ್ಣ ಇನ್ನೇನೋ ಹೇಳಿದರೆ, ‘ನಮ್ಮ ಕಡೀ ಕನ್ನಡ ಮಾವನವರಿಗೆ ತಿಳಿಯಂಗಿಲ್ಲ ಬಿಡು’ ಎಂದು ಎಲ್ಲರೂ ನಗುತ್ತಿದ್ದೆವು. ನನಗೇ ಅಡ್ಡ ಉತ್ತರ ಬಂದರೆ, ವಯಸ್ಸಾಯಿತಲ್ಲ, ಮರೆವು ಅಂದುಕೊಳ್ಳುತ್ತಿದ್ದೆ. ತಿಪಟೂರಿನಲ್ಲೇ ಇದ್ದಿದ್ದರೆ ಅಂಗಡಿ ಕಟ್ಟೆಯಲ್ಲಿ ಕೂತ ಯಾರಾದರೊಬ್ಬರು, ‘ಏನ್ ಡ್ರೈವರ್ ಸಾಹೇಬ್ರೇ, ಕಿವಿ ಮಂದ ಆಯ್ತಾ?’ ಅಂತ ಮೊದಲ ತಿಂಗಳೇ ಕೇಳಿಬಿಡುತ್ತಿದ್ದರು.

ಟಿವಿ ಅದನ್ನು ಮೊದಲೇ ಹೇಳುತ್ತಿತ್ತು, ನಾನು ನೋಡಲಿಲ್ಲ. ಅಣ್ಣ ಮೊದಲು ವಾರ್ತೆ ಬಿಟ್ಟರು. ಆಮೇಲೆ ಧಾರಾವಾಹಿ. ಕೊನೆಗೆ ಚಂದನದ ‘ಥಟ್ ಅಂತ ಹೇಳಿ’. ಇದು ನನಗೆ ಹೊಳೆಯಬೇಕಿತ್ತು. 2002ರಲ್ಲಿ ಅದು ಶುರುವಾದಾಗಿನಿಂದ ಊಟದ ತಟ್ಟೆ ಕೈಯಲ್ಲಿ ಹಿಡಿದು, ನಾ. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಹೇಳಿ ಅಮ್ಮನ ಕಡೆ ನೋಡುತ್ತಿದ್ದ ಮನುಷ್ಯ. ಪ್ರಶ್ನೆಯೇ ಕೇಳಿಸದಿದ್ದರೆ ಥಟ್ ಅಂತ ಏನು ಹೇಳುವುದು? ಅವರು ಕೊಟ್ಟ ಕಾರಣ, ‘ಮೊದಲಿನ ಹಂಗಿಲ್ಲ ಬಿಡು’ ಎಂದು. ಉಳಿದದ್ದು ಹಳೆಯ ಸಿನಿಮಾ ಒಂದೇ. ಅವು ಹೇಗಿದ್ದರೂ ಬಾಯಿಪಾಠ.

ನಾನೋ, ಊರಿನ ನೆನಪಿಗೆ ನೋಡುತ್ತಾರೆ ಅಂದುಕೊಂಡು ಬೀಗುತ್ತಿದ್ದೆ. ಅವರಿಗಾಗಿ ಕನ್ನಡ ಚಾನೆಲ್ ಹಾಕಿಸಲು ನಾನು ಪಟ್ಟ ಪಾಡು ಹೊರನಾಡಿನ ಓದುಗರಿಗೆ ಗೊತ್ತಿರುವುದೇ. 2019ರಲ್ಲಿ ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಟ್ರಾಯ್ ನಿಯಮ ಬಂದ ಮೇಲೂ ಇಲ್ಲಿನವರು ಮೊದಲು ಕೊಡುವುದು ಮರಾಠಿ–ಹಿಂದಿ ಪ್ಯಾಕೇ. ಉದಯ ಮೂವೀಸ್ ಬೇಕು ಎಂದರೆ, ಮೇಡಂ ಅದು ಸೌತ್ ಪ್ಯಾಕ್, ಜೊತೆಗೆ ತೆಲುಗು ತಮಿಳೂ ತಗೊಳ್ಳಿ ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಎಲ್ಲ ಸಿಗುತ್ತದೆ ಎಂದು ಗಂಡ ತೋರಿಸಿಕೊಟ್ಟರು. ಅಣ್ಣನಿಗೆ ಅದು ರುಚಿಸಲಿಲ್ಲ. ಬೇಕಾದಾಗ ನಿಲ್ಲಿಸಬಹುದಾದ್ದು ಸಿನಿಮಾವೇ ಅಲ್ಲವಂತೆ. ಅದು ಅದರ ಟೈಮಿಗೆ ಬರಬೇಕು, ನಾವು ಕೈಕಾಲು ತೊಳೆದು ಕೂತಿರಬೇಕು.

ಬಾಯಿಪಾಠ ಆದದ್ದಕ್ಕೂ ಕಾರಣವಿದೆ. ಅಣ್ಣ 34 ವರ್ಷ ಬಸ್ ಓಡಿಸಿದವರು. ನೈಟ್ ಹಾಲ್ಟ್ ರೂಟು ಅಂದರೆ ಅವರಿಗೆ ಪ್ರಾಣ. ರಾತ್ರಿ ಎಂಟಕ್ಕೆ ಬಸ್ಸು ಕೊನೆಯ ಊರು ಸೇರಿದರೆ ಮತ್ತೆ ಹೊರಡುವುದು ಬೆಳಗಿನ ಜಾವ. ಆ ಊರಿನಲ್ಲೋ ಪಕ್ಕದಲ್ಲೋ ಟೆಂಟ್ ಇದ್ದರೆ ಡ್ರೈವರ್ ಕಂಡಕ್ಟರಿಗೆ ಟಿಕೆಟ್ ಯಾರು ಕೇಳುತ್ತಾರೆ? ಒಂದು ಪಿಚ್ಚರ್ ವಾರ ಓಡಿದರೆ ವಾರವೂ ಸೆಕೆಂಡ್ ಶೋ. ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಒಂದೇ ಇರುತ್ತಿದ್ದುದರಿಂದ ರೀಲು ಬದಲಿಸುವಾಗೆಲ್ಲ ದೀಪ ಹತ್ತುತ್ತಿತ್ತು. ಆಗ ಹಿಂದೆ ಆದದ್ದನ್ನು ಪಕ್ಕದವರ ಹತ್ತಿರ ಮತ್ತೊಮ್ಮೆ ಆಡಿ ತೋರಿಸುವುದು ಇವರ ಕೆಲಸ. 1972ರ ‘ನಾಗರಹಾವು’ ಅವರಿಗೆ ಅಶ್ವತ್ಥರ ಚಾಮಯ್ಯ ಮೇಷ್ಟ್ರು ಉಸಿರೆಳೆದುಕೊಳ್ಳುವ ಜಾಗವೂ ಸೇರಿ ಗೊತ್ತು. ಎರಡು ವರ್ಷದ ನಂತರದ ‘ಭೂತಯ್ಯನ ಮಗ ಅಯ್ಯು’ ಅಂತೂ ಕೇಳಲೇಬೇಡಿ. ಗೊರೂರರ ಕಥೆ, ಸಿದ್ಧಲಿಂಗಯ್ಯನವರ ನಿರ್ದೇಶನ. ಅದನ್ನು ಅವರು ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕ ಸಿಕ್ಕುವುದಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಬೇರೆ. ನಮ್ಮ ಮನೆಗೆ ಕಪ್ಪು–ಬಿಳುಪು ಟಿವಿ ಬಂದ ಕಾಲ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರ. ಕನ್ನಡದ ಸರದಿ ಬಂದರೆ ಬೀದಿಯೆಲ್ಲ ನಮ್ಮ ಮನೆಯಲ್ಲಿ. ಆ ಚಿತ್ರಕ್ಕೆ ಮುಂಚೆ ಕಿವಿ ಕೇಳಿಸದವರಿಗಾಗಿ ವಾರ್ತೆ ಬರುತ್ತಿತ್ತು, ಕೈಸನ್ನೆಯಲ್ಲಿ. ನಾವು ಮಕ್ಕಳು ಟಿವಿ ಮುಂದೆ ನಿಂತು ಅದನ್ನು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಅಣ್ಣ ಒಂದು ಸಲ ನನ್ನ ಬೆನ್ನಿಗೆ ಬಿಟ್ಟಿದ್ದರು. ಅವರು ನನಗೆ ಹೊಡೆದದ್ದು ನೆನಪಿರುವುದು ಅದೊಂದೇ ಸಲ.

ಮಾರನೇ ವಾರ ಇಲ್ಲಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗ ಕೈಯೆತ್ತಿ ಎಂದರು. ಅದು ಸರಿಹೋಯಿತು, ಬೀಪ್‌ಗೆ ಭಾಷೆ ಬೇಡವಲ್ಲ. ಆಮೇಲೆ ಪದ ಹೇಳಿ, ಅದನ್ನೇ ತಿರುಗಿ ಹೇಳಿಸುವ ಪರೀಕ್ಷೆ. ಪದಗಳೆಲ್ಲ ಹಿಂದಿ, ಮರಾಠಿ. ಅಣ್ಣ ಒಂದಕ್ಕೂ ಬಾಯಿ ತೆರೆಯಲಿಲ್ಲ. ಮಾತು ಗ್ರಹಿಸುವ ಶಕ್ತಿ ತುಂಬಾ ಕಡಿಮೆ, ಮಷಿನ್ ಹಾಕಿದರೂ ಹೆಚ್ಚು ಪ್ರಯೋಜನವಾಗಲಿಕ್ಕಿಲ್ಲ ಎಂದು ಆ ಹುಡುಗಿ ಮೃದುವಾಗಿಯೇ ಹೇಳಿದಳು. ಅವರಿಗೆ ಭಾಷೆಯೇ ಬರುವುದಿಲ್ಲವಲ್ಲ ಎಂದೆ. ‘ಪದ ರಿಪೀಟ್ ಮಾಡಿದರೆ ಸಾಕು ಮ್ಯಾಮ್, ಅರ್ಥ ಬೇಕಿಲ್ಲ’ ಅಂದಳು. ನಿಮಗೆ ಗೊತ್ತಿಲ್ಲದ ಭಾಷೆಯ ಪದವನ್ನು ಅರೆಬರೆ ಕೇಳುವ ಕಿವಿಯಿಂದ ಹಿಡಿದು ತಿರುಗಿ ಹೇಳಿ ನೋಡಿ. ಗೊತ್ತಿರುವ ಭಾಷೆಯಾದರೆ ಬಿಟ್ಟುಹೋದ ಅಕ್ಷರವನ್ನು ತಲೆಯೇ ತುಂಬಿಕೊಳ್ಳುತ್ತದೆ.

ದೀಪಾವಳಿ ರಜೆಗೆ ಹೇಗೂ ಊರಿಗೆ ಹೊರಟಿದ್ದೆವು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕಾರಿನಲ್ಲೇ ಹೊರಟೆವು. ಕೊಲ್ಹಾಪುರ ಬಂದಾಗ ನನ್ನ ಗಂಡ, ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಶೂಟಿಂಗ್ ಆದದ್ದು ಈ ಊರಿನಲ್ಲೇ ಎಂದು ನನ್ನ ಮಗನಿಗೆ ಹೇಳುತ್ತಿದ್ದರು. 1934ರ ಚಿತ್ರ. ಅದರ ಪ್ರತಿ ಈಗ ಎಲ್ಲೂ ಉಳಿದಿಲ್ಲ, ಕನ್ನಡ ತೆರೆಯ ಮೊದಲ ಮಾತನ್ನು ಇನ್ನು ಯಾರೂ ಕೇಳುವ ಹಾಗಿಲ್ಲ. ಮುಂದಿನ ಸೀಟಿನಲ್ಲಿದ್ದ ಅಣ್ಣನಿಗೆ ಈ ಸಂಭಾಷಣೆ ಮುಟ್ಟಲೇ ಇಲ್ಲ. ಅವರು ರಸ್ತೆ ನೋಡುತ್ತಾ, ಗೇರ್ ಬದಲಿಸಬೇಕಾದ ಕಡೆ ಎಡಗೈ ಆಡಿಸುತ್ತಾ ಕೂತಿದ್ದರು.

ಮೈಸೂರಿನಲ್ಲಿ ಕನ್ನಡದ ಪದಗಳು. ಅಣ್ಣ ಮೈ ನೆಟ್ಟಗೆ ಮಾಡಿಕೊಂಡು ಒಂದೊಂದಾಗಿ ತಿರುಗಿ ಹೇಳಿದರು. ಕಾಸು ಕಾಲಾಯಿತು, ಹಸು ಹಗು ಆಯಿತು, ಆದರೂ ಅರ್ಧಕ್ಕಿಂತ ಹೆಚ್ಚು ಸರಿ. ಅಲ್ಲಿಯವರು ಬಿಡಿಸಿ ಹೇಳಿದರು: ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ತೆಳುವಾದ, ಏರು ಸ್ವರದ ಸದ್ದು. ಆ, ಓ ಎಂಬ ಸ್ವರಗಳು ದೊಡ್ಡದಾಗಿ ಕೇಳುತ್ತವೆ. ಸ, ಶ, ತ, ಕ ಜಾರಿಹೋಗುತ್ತವೆ. ಆದ್ದರಿಂದಲೇ ‘ಕೇಳಿಸುತ್ತೆ, ಆದ್ರೆ ಏನಂತ ತಿಳಿಯಲ್ಲ’ ಎಂದು ವಯಸ್ಸಾದವರು ಹೇಳುವುದು. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ಅಂದರೆ ನನ್ನದು ಮತ್ತು ನನ್ನ ಮಗನದು. ಎಡಗಿವಿ ಬಲಗಿವಿಗಿಂತ ಜಾಸ್ತಿ ಹೋಗಿತ್ತು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಹಳೆಯ ಬಸ್ಸುಗಳಲ್ಲಿ ಎಂಜಿನ್ ಡ್ರೈವರಿನ ಎಡಪಕ್ಕದಲ್ಲೇ, ಬಾನೆಟ್ಟಿನ ಕೆಳಗೆ. ‘ಅದೂ ಇರಬಹುದು’ ಅಂದರು.

ಎರಡೂ ಕಿವಿಗೆ ಮಷಿನ್ ಬರೆದುಕೊಟ್ಟರು. ಬೆಲೆ ಮಾತ್ರ ಅಣ್ಣನಿಗೆ ಮೊದಲ ಸಲಕ್ಕೇ ಸ್ಪಷ್ಟವಾಗಿ ಕೇಳಿಸಿತು. ‘ಬೇಡ, ಒಂದ್ ಕಿವಿಗೆ ಸಾಕು’ ಅಂದರು. ನನ್ನ ಗಂಡ, ‘ಮಾವಾರೆ, ಸ್ಟೀರಿಂಗ್ ಒಂದ ಕೈಯಾಗ ಹಿಡೀತಿದ್ರೇನ್ರಿ?’ ಎಂದು ಕೇಳಿ ಒಪ್ಪಿಸಿದರು.

ಮೊದಲ ವಾರ ದಿನಕ್ಕೆರಡು ಗಂಟೆ ಮಾತ್ರ ಹಾಕಿಕೊಂಡು ರೂಢಿಸಿಕೊಳ್ಳಿ ಎಂದಿದ್ದರು. ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಪೇಪರ್ ಮಡಚಿದರೆ ಪಟಾಕಿಯಂತೆ, ಫ್ಯಾನು ಲಾರಿಯಂತೆ ಎಂದರು. ಮೂರನೇ ದಿನವೋ ಏನೋ, ‘ಇವನ ದನಿ ನಿಮ್ಮಮ್ಮಂದು ಇದ್ದಂಗೈತೆ’ ಎಂದು ನನ್ನ ಮಗನನ್ನು ತೋರಿಸಿ ಹೇಳಿದರು. ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ಅವರಿಬ್ಬರು.

ಆ ಶನಿವಾರ ‘ನಾಗರಹಾವು’ ಬಂತು. ನಾನು ಕಾದಿದ್ದೆ. ಈಗ ಸದ್ದು ಸಮೇತ ನೋಡುತ್ತಾರೆ, ಎಷ್ಟು ಖುಷಿಪಡುತ್ತಾರೋ ಎಂದು. ಹತ್ತು ನಿಮಿಷ ನೋಡಿ ಮುಖ ಗಂಟುಹಾಕಿಕೊಂಡರು. ‘ಇದು ಅಶ್ವತ್ಥಂದು ದನಿ ಅಲ್ಲ. ಬರೀ ಗರಗರ ಅಂತೈತೆ’ ಎಂದರು. ಸರಿಯಾದ ಮಾತೇ. ಆ ಕಾಲದಲ್ಲಿ ಸದ್ದನ್ನು ಫಿಲ್ಮಿನ ಅಂಚಿನಲ್ಲಿ ಬೆಳಕಿನ ಗೆರೆಯಾಗಿ ಮುದ್ರಿಸುತ್ತಿದ್ದರು. ತೆಳು ಸದ್ದು ಅದರಲ್ಲಿ ನಿಲ್ಲುವುದೇ ಕಡಿಮೆ. ಓಡಿ ಓಡಿ ಸವೆದ ಪ್ರತಿಯಾದರೆ ಗೀರು, ದೂಳು ಎಲ್ಲವೂ ಚಟಪಟ ಎನ್ನುತ್ತವೆ. ಮಷಿನ್ ಆ ಚಟಪಟವನ್ನೂ ದೊಡ್ಡದು ಮಾಡಿ ಕಿವಿಗೆ ಹಾಕುತ್ತದೆ. ಅವರ ತಲೆಯೊಳಗಿದ್ದ ಅಶ್ವತ್ಥರಿಗೆ ಗೀರು ಬಿದ್ದಿರಲಿಲ್ಲ. ಕೆಳಗೆ ಕನ್ನಡದಲ್ಲೇ ಅಕ್ಷರ ಬಂದಿದ್ದರೆ ಕಿವಿ ಮಂದವಾದ ಎಷ್ಟೋ ಜನರಿಗೆ ಅನುಕೂಲವಾಗುತ್ತಿತ್ತು. ಹಳೆಯ ಚಿತ್ರಕ್ಕೆ ಬಣ್ಣ ಹಚ್ಚಲು ಖರ್ಚು ಮಾಡಿದವರಿದ್ದಾರೆ: 2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೆ, 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ. ಅಕ್ಷರ ಹಾಕಿದ್ದನ್ನು ನಮ್ಮ ಟಿವಿಯಲ್ಲಿ ನಾನಿನ್ನೂ ಕಂಡಿಲ್ಲ.

ಈಗ ಒಂದು ಪದ್ಧತಿ ಬಿದ್ದಿದೆ. ವಾರ್ತೆಗೆ, ಫೋನಿಗೆ, ‘ಥಟ್ ಅಂತ ಹೇಳಿ’ಗೆ ಮಷಿನ್ ಬೇಕು. ಲಿಫ್ಟ್‌ನಲ್ಲಿ ಆಜಿಗೆ ಮರಾಠಿಯಲ್ಲಿ ‘ಝಾಲಂ, ಝಾಲಂ’ ಎನ್ನುವಷ್ಟು ಆಗಿದೆ, ಊಟವೋ ಸ್ನಾನವೋ ಯಾವುದು ಆಯಿತು ಎನ್ನುವುದು ಇಬ್ಬರಿಗೂ ಮುಖ್ಯವಲ್ಲ. ಹಳೆಯ ಸಿನಿಮಾ ಶುರುವಾದರೆ ಮಾತ್ರ ಎರಡನ್ನೂ ಬಿಚ್ಚಿ ಡಬ್ಬಿಗೆ ಹಾಕಿ ಮುಚ್ಚಳ ಹಾಕುತ್ತಾರೆ.

ಮೊನ್ನೆ ‘ಭೂತಯ್ಯನ ಮಗ ಅಯ್ಯು’ ಬರುತ್ತಿತ್ತು. ಮಗ ಪಕ್ಕದಲ್ಲಿ ಕೂತಿದ್ದ. ಪುಣೆಯಲ್ಲಿ ಹುಟ್ಟಿದವನು, ಮನೆಮಾತಿನಷ್ಟು ಕನ್ನಡ ಬರುತ್ತದೆ, ಹಳ್ಳಿಯ ಆ ವೇಗದ ಮಾತು ಹಿಡಿಯಲಾರ. ‘ತಾತ, ಏನಂದ್ರು?’ ಎಂದು ಅಣ್ಣನ ತೋಳು ಅಲ್ಲಾಡಿಸಿದ. ಅಣ್ಣ ಡಬ್ಬಿಯ ಮುಚ್ಚಳ ಹಾಕಿ, ರಿಮೋಟ್ ತಗೊಂಡು ಅವನಿಗಾಗಿ ಸದ್ದು ಏರಿಸಿದರು. ಆಮೇಲೆ ಪ್ರತಿ ಮಾತನ್ನೂ ತೆರೆಯ ಮೇಲೆ ಬರುವ ಒಂದು ಕ್ಷಣ ಮೊದಲೇ ಅವನ ಕಿವಿಯ ಹತ್ತಿರ ನಿಧಾನವಾಗಿ ಹೇಳತೊಡಗಿದರು. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವಾಗ ಇಬ್ಬರೂ ಒಟ್ಟಿಗೆ ನಕ್ಕರು.

ನನಗೆ ಆರೂವರೆಗೆ ಕಾಲ್ ಇತ್ತು. ಎದ್ದು ಹೋಗಿ ರೂಮಿನ ಬಾಗಿಲು ಹಾಕಿಕೊಂಡೆ.